ಎಲೆಯ ಮೇಲಿನ ಹನಿಯನ್ನು ತಂದಿಟ್ಟವರು ಯಾರು? ಕವಿತೆಯ ಓದು ಮತ್ತು ನಿಸರ್ಗದ ಕುತೂಹಲ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಕವಿತೆ ಓದುವ ಮಕ್ಕಳಲ್ಲಿ ನಿಸರ್ಗದ ಬಗ್ಗೆ ಬೆರಗೂ ಕುತೂಹಲವೂ ಹೆಚ್ಚುತ್ತವೆ ಎಂದು ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಹೇಳುತ್ತಾರೆ. ನನಗೆ ಅನುಮಾನವಿದೆ. ಚಾತಕ ಪಕ್ಷಿ ಮಳೆಹನಿಯನ್ನಷ್ಟೇ ಕುಡಿಯುತ್ತದೆ, ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ ಎಂದೆಲ್ಲ ಹೇಳುವ ಕಾವ್ಯದಿಂದ ವಿಜ್ಞಾನದ ದೃಷ್ಟಿ ಬೆಳೆದೀತೇ? ಬೆಳೆಯುವುದಾದರೆ ಹೇಗೆ? ತರಗತಿಯಲ್ಲಿ ಅದನ್ನು ಬಳಸುವ ಬಗೆ ಯಾವುದು?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಕಾವ್ಯ ಓದಿದರೆ ಸಕಲ ಒಳಿತೂ ತಾನಾಗಿಯೇ ಆಗುತ್ತದೆ ಎಂಬ ಮಾತನ್ನು ನಾವು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ಅದರಿಂದ ಕಾವ್ಯಕ್ಕೂ ಮಕ್ಕಳಿಗೂ ಹೆಚ್ಚಿನ ಉಪಯೋಗವಾದಂತಿಲ್ಲ. ಆದರೂ ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಕವಿತೆಯಿಂದ ನಿಸರ್ಗದ ಬಗ್ಗೆ ಮಾಹಿತಿ ಸಿಗುವುದು ಕಡಿಮೆ. ಒಂದು ನಿರ್ದಿಷ್ಟ ವಸ್ತುವಿನ ಮುಂದೆ, ಒಂದು ನಿರ್ದಿಷ್ಟ ಹೊತ್ತಿನಲ್ಲಿ ನಮ್ಮನ್ನು ನಿಲ್ಲಿಸಿ, ಅಲ್ಲೊಂದು ಪ್ರಶ್ನೆಯನ್ನು ಉತ್ತರವಿಲ್ಲದೆ ಬಿಟ್ಟುಹೋಗುವ ಶಕ್ತಿ ಮಾತ್ರ ಅದಕ್ಕೆ ಧಾರಾಳವಾಗಿದೆ. ಆ ಪ್ರಶ್ನೆಯನ್ನು ಎತ್ತಿಕೊಂಡು ಓದುಗ ಮನೆಯಿಂದ ಹೊರಗೆ ಬಂದರೆ ಕುತೂಹಲ ಬೆಳೆಯುತ್ತದೆ. ಭಾವಾರ್ಥ ಬರೆದು ಪುಸ್ತಕ ಮುಚ್ಚಿದರೆ ಬೆಳೆಯುವುದಿಲ್ಲ. ಇದನ್ನು ಉದಾಹರಣೆಗಳ ಮೂಲಕವೇ ವಿವರಿಸುವುದು ಉತ್ತಮ.

ದ. ರಾ. ಬೇಂದ್ರೆಯವರ ‘ಬೆಳಗು’ ಕವಿತೆಯ ಮೊದಲ ಸಾಲುಗಳು ಕನ್ನಡ ಬಲ್ಲ ಹೆಚ್ಚಿನವರಿಗೆ ಬಾಯಿಪಾಠವಾಗಿವೆ. ಮೂಡಲ ಮನೆಯ ಬಾಗಿಲು ತೆರೆದು ಬೆಳಕು ಹರಿದು ಜಗವೆಲ್ಲ ತೊಯ್ದ ಮೇಲೆ ಕವಿಯ ಕಣ್ಣು ಆಕಾಶದಿಂದ ಕೆಳಗಿಳಿಯುತ್ತದೆ. ಎಲೆಗಳ ಮೇಲೆ, ಹೂಗಳ ಒಳಗೆ ಅಮೃತದ ಬಿಂದುಗಳು ಕಾಣಿಸುತ್ತವೆ. ಕಂಡ ಕೂಡಲೇ ಅವರು ಕೇಳುತ್ತಾರೆ: ‘ಯಾರಿರಿಸಿರುವರು ಮುಗಿಲಿನ ಮೇಲಿಂದಿಲ್ಲಿಗೆ ತಂದು?’ ಶಾಲೆಯಲ್ಲಿ ಈ ಸಾಲನ್ನು ಓದುವಾಗ ‘ದೇವರು’ ಎಂಬ ಉತ್ತರವನ್ನು ನಾವೇ ಮಕ್ಕಳ ಕೈಗಿಟ್ಟು ಮುಂದಿನ ನುಡಿಗೆ ಹೋಗಿಬಿಡುತ್ತೇವೆ. ಕವಿ ಆ ಉತ್ತರವನ್ನು ಅಲ್ಲಿ ಬರೆದಿಲ್ಲ, ಪ್ರಶ್ನೆಯನ್ನಷ್ಟೇ ಬರೆದಿದ್ದಾರೆ. ಅದನ್ನು ಅಲಂಕಾರವೆಂದು ದಾಟಿಹೋಗದೆ ಇದ್ದಂತೆಯೇ ಕೇಳಿಕೊಂಡರೆ ಏನಾಗುತ್ತದೆ ನೋಡಿ. ಇಬ್ಬನಿ ನಿಜವಾಗಿಯೂ ಮುಗಿಲಿನ ಮೇಲಿಂದ ಬಂದದ್ದೇ? ಹಾಗಿದ್ದರೆ ಮೋಡವಿಲ್ಲದ ರಾತ್ರಿಗಳಲ್ಲೇ ಅದು ಹೆಚ್ಚಾಗಿ ಕಾಣುವುದೇಕೆ? ಮರದ ಕೆಳಗಿನ ಹುಲ್ಲು ಒಣಗಿರುವಾಗ ಬಯಲಿನ ಹುಲ್ಲು ತೊಯ್ದಿರುವುದೇಕೆ?

ಇವು ಹಳೆಯ ಪ್ರಶ್ನೆಗಳು. ಇಬ್ಬನಿ ಮೇಲಿಂದ ಬೀಳುತ್ತದೆಯೋ ನೆಲದಿಂದ ಏಳುತ್ತದೆಯೋ ಎಂಬ ವಾದ ಯುರೋಪಿನ ವಿದ್ವಾಂಸರಲ್ಲಿ ಬಹುಕಾಲ ನಡೆದಿತ್ತು. ಅದನ್ನು ಪ್ರಯೋಗದಿಂದ ಬಗೆಹರಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ತೂಕ ಮಾಡಿದ ಉಣ್ಣೆಯ ಸಣ್ಣ ಗುಚ್ಛಗಳನ್ನು ರಾತ್ರಿ ತೋಟದಲ್ಲಿಟ್ಟು, ಅನಂತರ ಮತ್ತೆ ತೂಗಿ, ಯಾವುದು ಎಷ್ಟು ನೀರು ಹೀರಿದೆ ಎಂದು ಅವರು ಲೆಕ್ಕ ಹಾಕಿದರು. ಒಂದು ಗುಚ್ಛವನ್ನು ಹುಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದ ಮಣ್ಣಿನ ಕೊಳವೆಯೊಳಗೆ ಇಟ್ಟರು. ಕೊಳವೆಯ ಬಾಯಿ ಆಕಾಶಕ್ಕೆ ತೆರೆದೇ ಇತ್ತು. ಗಾಳಿಯಿಲ್ಲದ ರಾತ್ರಿಯಲ್ಲಿ ಮೇಲಿಂದ ಮಳೆ ಬಿದ್ದಿದ್ದರೆ ಒಳಗಿನ ಉಣ್ಣೆಗೂ ಹೊರಗಿನ ಉಣ್ಣೆಗೂ ಒಂದೇ ಪ್ರಮಾಣದ ನೀರು ಸಿಗಬೇಕಿತ್ತು. ಆದರೆ ಹೊರಗೆ ಬಯಲಿನಲ್ಲಿಟ್ಟ ಉಣ್ಣೆ ಹಲವು ಪಟ್ಟು ಹೆಚ್ಚು ತೊಯ್ದಿತ್ತು. ಹಾಗಾದರೆ ಇಬ್ಬನಿ ಮಳೆಯಂತೆ ಬೀಳುವುದಿಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ಎಲೆ, ಹುಲ್ಲು, ಉಣ್ಣೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಆ ತಣುಪಿಗೆ ಗಾಳಿಯಲ್ಲಿದ್ದ ಕಾಣದ ಆವಿ ಅವುಗಳ ಮೈಮೇಲೆ ಹನಿಯಾಗುತ್ತದೆ. ಕೊಳವೆಯ ಗೋಡೆ, ಮರದ ಕೊಂಬೆ, ಮೋಡ ಈ ಮೂರೂ ಆಕಾಶವನ್ನು ಮರೆಮಾಡಿ ಆ ತಣಿಯುವಿಕೆಯನ್ನು ತಡೆಯುತ್ತವೆ. ವೆಲ್ಸ್ ಇದನ್ನು 1814ರಲ್ಲಿ ಪ್ರಕಟಿಸಿದರು.

ವಿಷಯ ಇಲ್ಲಿಗೂ ಮುಗಿಯುವುದಿಲ್ಲ, ಮತ್ತು ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಬೆಳಗಿನ ಹೊತ್ತು ಗರಿಕೆಯ ತುದಿಯಲ್ಲಿ, ಭತ್ತದ ಸಸಿಯ ತುದಿಯಲ್ಲಿ, ಕೆಸುವಿನ ಎಲೆಯ ಅಂಚಿನಲ್ಲಿ ಒಂದೊಂದೇ ದಪ್ಪ ಹನಿ ನಿಂತಿರುವುದನ್ನು ನೀವು ಕಂಡಿರಬಹುದು. ಅವುಗಳಲ್ಲಿ ಬಹುಪಾಲು ಇಬ್ಬನಿಯೇ ಅಲ್ಲ. ಮಣ್ಣು ಹಸಿಯಾಗಿದ್ದು ಗಾಳಿಯಲ್ಲಿ ತೇವ ತುಂಬಿದ್ದಾಗ ಬೇರುಗಳು ಹೀರಿದ ನೀರು ರಾತ್ರಿ ಆವಿಯಾಗಿ ಹೋಗಲಾರದೆ, ಒತ್ತಡಕ್ಕೆ ಸಿಲುಕಿ ಎಲೆಯ ತುದಿ ಮತ್ತು ಅಂಚುಗಳಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಹೊರಗೆ ಜಿನುಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವಿಲ್ಲ. ರಾತ್ರಿ ಹುಲ್ಲಿನ ಪಕ್ಕದಲ್ಲಿ ಒಂದು ಗಾಜಿನ ತುಂಡನ್ನು ಇಟ್ಟರೆ ಇಬ್ಬನಿ ಗಾಜಿನ ಮೇಲೂ ಕಟ್ಟುತ್ತದೆ, ಎಲೆಯ ಮೇಲೂ ಗೊತ್ತುಗುರಿಯಿಲ್ಲದೆ ಹರಡಿರುತ್ತದೆ. ಗಿಡ ಜಿನುಗಿಸಿದ ಹನಿಯಾದರೋ ಎಲೆಯ ನಿಯತ ಜಾಗಗಳಲ್ಲಿ ಮಾತ್ರ ಸಾಲಾಗಿ ನಿಂತಿರುತ್ತದೆ. ಅಂದರೆ ಬೇಂದ್ರೆಯವರ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ಮುಗಿಲಿನ ಮೇಲಿಂದ ಬಂದವಲ್ಲ: ಒಂದು ನಮ್ಮ ಸುತ್ತಲಿನ ಗಾಳಿಯಿಂದ, ಇನ್ನೊಂದು ಕಾಲಡಿಯ ಮಣ್ಣಿನಿಂದ. ಪಠ್ಯಪುಸ್ತಕದ ‘ಸಾಂದ್ರೀಕರಣ’ ಎಂಬ ಪಾಠದಿಂದ ಶುರುಮಾಡಿದ ಮಗು ಈ ಎರಡನೆಯ ಹನಿಯ ಹತ್ತಿರ ಬರುವುದು ಅಪರೂಪ, ಏಕೆಂದರೆ ಅಲ್ಲಿ ಉತ್ತರ ಮೊದಲೇ ಸಿಕ್ಕಿಬಿಟ್ಟಿರುತ್ತದೆ. ಕವಿತೆಯಿಂದ ಶುರುಮಾಡಿದ ಮಗುವಿಗೆ ಇನ್ನೂ ಉತ್ತರ ಸಿಕ್ಕಿಲ್ಲವಾದ್ದರಿಂದ ಅದು ಎಲೆಯನ್ನು ಬಗ್ಗಿ ನೋಡಬೇಕಾಗುತ್ತದೆ.

ಈ ಬಗ್ಗಿ ನೋಡುವಿಕೆಯನ್ನು ಕವಿತೆ ಹೇಗೆ ಉಂಟುಮಾಡುತ್ತದೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಗದ್ಯದಲ್ಲಿ ‘ಎಲೆಗಳ ಮೇಲೆ ಇಬ್ಬನಿ ಬಿದ್ದಿತ್ತು’ ಎಂದರೆ ಅರ್ಥ ತಿಳಿದೊಡನೆ ವಾಕ್ಯವನ್ನು ಮರೆಯುತ್ತೇವೆ. ಕವಿತೆಯಲ್ಲಿ ಲಯವೂ ಪ್ರಾಸವೂ ಸೇರಿ ಮಾತನ್ನು ನಾಲಗೆಯ ಮೇಲೆ ನಿಲ್ಲಿಸುತ್ತವೆ. ಅರ್ಥ ತಿಳಿದ ಮೇಲೂ, ಕೆಲವೊಮ್ಮೆ ಅರ್ಥ ತಿಳಿಯುವ ಮೊದಲೂ, ಸಾಲು ನಮ್ಮೊಳಗೆ ಉಳಿದಿರುತ್ತದೆ. ‘ಈಸಬೇಕು ಇದ್ದು ಜೈಸಬೇಕು’ ಎಂಬ ಪುರಂದರದಾಸರ ಪದದಲ್ಲಿ ಬರುವ ‘ತಾಮರಸ ಜಲದಂತೆ’ ಎಂಬ ಮಾತನ್ನು ಚಿಕ್ಕಂದಿನಲ್ಲಿ ಹಾಡಿದವರು ಎಷ್ಟೋ ವರ್ಷಗಳ ಅನಂತರ ಕೆರೆಯ ದಂಡೆಯಲ್ಲಿ ನಿಂತು, ತಾವರೆಯ ಎಲೆಯ ಮೇಲೆ ನೀರು ಅಂಟದೆ ಉರುಳುವುದನ್ನು ಕಂಡಾಗ ಆ ಸಾಲು ತಾನಾಗಿ ಬಾಯಿಗೆ ಬರುತ್ತದೆ. ಆಗ ‘ಇದು ಅಂಟುವುದಿಲ್ಲ ಏಕೆ?’ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಟ್‌ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಇದನ್ನು ವಿವರಿಸಿದರು: ಎಲೆಯ ಮೈತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಹರಳುಗಳಿವೆ, ಆದ್ದರಿಂದ ಹನಿಗೆ ಎಲೆಯ ಮೇಲೆ ಊರಿ ನಿಲ್ಲಲು ತೀರಾ ಕಡಿಮೆ ಜಾಗ ಸಿಗುತ್ತದೆ, ಉರುಳುವ ಹನಿ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ದಾಸರು ಹೇಳಹೊರಟದ್ದು ಸಂಸಾರದಲ್ಲಿ ಇರಬೇಕಾದ ರೀತಿಯನ್ನು. ಆದರೆ ಹೇಳಲು ಆರಿಸಿಕೊಂಡ ದೃಷ್ಟಾಂತ ನಿಜವಾಗಿ ಕಂಡದ್ದಾದ್ದರಿಂದ ಅದು ಇನ್ನೊಂದು ಬಾಗಿಲನ್ನೂ ತೆರೆದಿಡುತ್ತದೆ.

ಕೆಲವು ಕವಿತೆಗಳು ಒಂದು ಹನಿಯನ್ನಲ್ಲದೆ ಇಡೀ ವಿದ್ಯಮಾನವನ್ನು ಅದರ ಕ್ರಮದಲ್ಲೇ ಹಿಡಿಯುತ್ತವೆ. ಬೇಂದ್ರೆಯವರದೇ ಆದ ಶ್ರಾವಣದ ಕವಿತೆಯನ್ನು ಭೂಗೋಳದ ನಕಾಶೆ ಮುಂದಿಟ್ಟುಕೊಂಡು ಓದಿ ನೋಡಿ. ‘ಕಡಲಿಗೆ ಬಂತು ಶ್ರಾವಣಾ, ಕುಣಿದ್ಹಾಂಗ ರಾವಣಾ’ ಎಂದು ಗಾಳಿಯ ಭೈರವರೂಪ ಮೊದಲು ಸಮುದ್ರದ ಮೇಲೆ ಕಾಣಿಸುತ್ತದೆ. ಆಮೇಲೆ ಶ್ರಾವಣ ಘಟ್ಟಕ್ಕೆ ಬರುತ್ತದೆ. ಅಲ್ಲಿ ಮುಗಿಲು ಏರುತ್ತದೆ, ಹಾಡುಹಗಲಿನಲ್ಲೇ ಸೂರ್ಯ ಕಾಣದಾಗುತ್ತಾನೆ. ಅನಂತರ ಹೊಳೆಗಳಿಗೆ, ಅನಂತರ ಊರು ಕೇರಿಗಳಿಗೆ. ಇದು ನೈಋತ್ಯ ಮಾರುತ ಕರ್ನಾಟಕದಲ್ಲಿ ನಡೆಯುವ ದಾರಿಯೇ. ಅರಬ್ಬಿ ಸಮುದ್ರದ ಮೇಲಿನ ತೇವದ ಗಾಳಿಗೆ ಸಹ್ಯಾದ್ರಿ ಅಡ್ಡವಾದಾಗ ಅದು ಮೇಲಕ್ಕೆ ಹತ್ತಲೇಬೇಕು. ಹತ್ತುವಾಗ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತದೆ, ಮೋಡ ಕಟ್ಟತೊಡಗಿದ ಮೇಲೆ ತಣಿಯುವ ವೇಗ ಸ್ವಲ್ಪ ಇಳಿಯುತ್ತದೆ. ಹಾಗೆ ಹತ್ತುವಲ್ಲಿಯೇ ಅದು ತನ್ನ ನೀರಿನ ಬಹುಭಾಗವನ್ನು ಸುರಿದುಬಿಡುತ್ತದೆ. ಆದ್ದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಘಟ್ಟದ ಈಚೆಗಿರುವ ಧಾರವಾಡಕ್ಕೆ ಸಿಗುವುದು 800 ಮಿಲಿಮೀಟರಿನ ಆಸುಪಾಸು. ಇನ್ನೂ ಪೂರ್ವಕ್ಕೆ ಹೋದಂತೆ ಅದೂ ಕಡಿಮೆಯಾಗುತ್ತದೆ. ಬೇಂದ್ರೆಯವರು ಬದುಕಿದ ಧಾರವಾಡ ಮಲೆನಾಡಿನ ಸೆರಗಿನಲ್ಲಿ, ಬಯಲುಸೀಮೆಯ ಹೊಸ್ತಿಲಿನಲ್ಲಿ ಇರುವ ಊರು. ಮಳೆ ಎಲ್ಲಿಂದ ಹೊರಟು ಯಾವುದನ್ನು ದಾಟಿ ಬರುತ್ತದೆ ಎಂಬುದನ್ನು ಅಲ್ಲಿನವರು ಪಶ್ಚಿಮದ ಆಕಾಶ ನೋಡಿಯೇ ತಿಳಿಯುತ್ತಾರೆ. ಕವಿತೆಯ ನುಡಿಗಳ ಅನುಕ್ರಮವನ್ನು ಅದಲುಬದಲು ಮಾಡಿ ಮಕ್ಕಳ ಮುಂದಿಟ್ಟು, ‘ಹೀಗಾಗಬಹುದೇ? ಮೊದಲು ಊರಿಗೆ, ಆಮೇಲೆ ಕಡಲಿಗೆ?’ ಎಂದು ಕೇಳಿದರೆ ಮುಂಗಾರಿನ ಪಾಠ ಅರ್ಧ ಮುಗಿದಂತೆಯೇ.

ಇನ್ನು ಕವಿತೆ ನಿಸರ್ಗವನ್ನು ವರ್ಣಿಸಲೇ ಹೊರಡದೆ, ಬೇರೆ ಯಾವುದೋ ದೊಡ್ಡ ಮಾತಿಗಾಗಿ ನಿಸರ್ಗದ ಕಡೆ ಕೈ ತೋರಿಸುವ ಸಂದರ್ಭಗಳಿವೆ. 12ನೇ ಶತಮಾನದ ಅಲ್ಲಮಪ್ರಭುವಿನ ವಚನ ನೆನಪಿಸಿಕೊಳ್ಳಿ: ‘ಎತ್ತಣ ಮಾಮರ, ಎತ್ತಣ ಕೋಗಿಲೆ, ಎತ್ತಣಿಂದೆತ್ತ ಸಂಬಂಧವಯ್ಯಾ’. ಬೆಟ್ಟದ ನೆಲ್ಲಿಗೂ ಸಮುದ್ರದ ಉಪ್ಪಿಗೂ ಏನು ಸಂಬಂಧ ಎಂದು ಕೇಳಿ, ಕೊನೆಗೆ ಗುಹೇಶ್ವರಲಿಂಗಕ್ಕೂ ತನಗೂ ಇರುವ ಸಂಬಂಧದ ಕಡೆಗೆ ಆ ವಚನ ತಿರುಗುತ್ತದೆ. ಅದರ ನೆಲೆ ಅನುಭಾವದ್ದು. ಅದನ್ನು ಜೀವವಿಜ್ಞಾನದ ಪಾಠವೆಂದು ಓದುವುದು ತಪ್ಪಾಗುತ್ತದೆ. ಆದರೆ ಮಾಮರಕ್ಕೂ ಕೋಗಿಲೆಗೂ ಏನು ಸಂಬಂಧ ಎಂಬ ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಫೆಬ್ರುವರಿ-ಮಾರ್ಚಿನ ಬೆಳಗುಗಳು ಮೊದಲಿನಂತೆ ಇರುವುದಿಲ್ಲ. ಕೋಗಿಲೆ ಮಾವಿನ ಚಿಗುರು ತಿಂದು ಕಂಠವನ್ನು ಇಂಪಾಗಿಸಿಕೊಳ್ಳುತ್ತದೆ ಎಂಬ ಕವಿಸಮಯ ನಮ್ಮಲ್ಲಿದೆ. ವಾಸ್ತವದಲ್ಲಿ ಕೋಗಿಲೆ ಹೆಚ್ಚಾಗಿ ಹಣ್ಣು ತಿನ್ನುವ ಹಕ್ಕಿ. ಆಲ, ಅತ್ತಿ, ಅರಳಿಗಳ ಹಣ್ಣು ಅದಕ್ಕೆ ಅಚ್ಚುಮೆಚ್ಚು. ಮಾವು ಹೂಬಿಡುವುದಕ್ಕೆ ಅದರ ಮುಂಚಿನ ವಾರಗಳ ಚಳಿ ಕಾರಣ. ಕೋಗಿಲೆ ಕೂಗತೊಡಗುವುದು ಸಂತಾನದ ಕಾಲ ಹತ್ತಿರವಾದಾಗ, ಮತ್ತು ಆ ಕಾಲವನ್ನು ಅದಕ್ಕೆ ಗೊತ್ತುಮಾಡಿಕೊಡುವುದು ಮಾವಲ್ಲ, ಕಾಗೆ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಡುವುದರಿಂದ ಕಾಗೆ ಗೂಡು ಕಟ್ಟುವ ತಿಂಗಳುಗಳೇ ಅದರ ಸಂತಾನದ ತಿಂಗಳುಗಳೂ ಆಗಬೇಕು. ಹೀಗೆ ಮಾಮರಕ್ಕೂ ಕೋಗಿಲೆಗೂ ಇರುವ ಸಂಬಂಧವನ್ನು ಹುಡುಕಿ ಹೊರಟವರಿಗೆ ನಡುವೆ ವಚನದಲ್ಲಿ ಹೆಸರಿಲ್ಲದ ಒಂದು ಹಕ್ಕಿ ಎದುರಾಗುತ್ತದೆ. ಕಪ್ಪು ಮೈಯ, ಕೆಂಪು ಕಣ್ಣಿನ, ಎತ್ತರದ ದನಿಯಲ್ಲಿ ಕೂಗುವ ಕೋಗಿಲೆ ಗಂಡು. ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣನ್ನು ಹೆಚ್ಚಿನವರು ಕೋಗಿಲೆಯೆಂದೇ ಗುರುತಿಸುವುದಿಲ್ಲ. ಹೆಣ್ಣು ಕೋಗಿಲೆ ಹಾಡುತ್ತದೆಂದು ಕವಿಗಳು ಬಗೆದದ್ದು ಸರಿಯಲ್ಲ. ಆದರೆ ಕೋಗಿಲೆ ತನ್ನ ಮರಿಗಳನ್ನು ಬೇರೆ ಹಕ್ಕಿಗಳಿಂದ ಸಾಕಿಸುತ್ತದೆ ಎಂಬುದನ್ನು ಕಾಳಿದಾಸ ಚೆನ್ನಾಗಿ ಬಲ್ಲ. ಶಾಕುಂತಲದ ಐದನೇ ಅಂಕದಲ್ಲಿ ದುಷ್ಯಂತ ಶಕುಂತಲೆಯನ್ನು ಹೀಯಾಳಿಸುವಾಗ ಬಳಸುವ ಮಾತೇ ಅದು. ಆ ಸಂದರ್ಭದ ಕ್ರೌರ್ಯವನ್ನು ಮರೆಯಲಾಗದು, ಗಮನಿಸಿದ ಸತ್ಯವನ್ನೂ ಅಲ್ಲಗಳೆಯಲಾಗದು.

ಇಲ್ಲಿಂದ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರಬಹುದು. ಚಾತಕ ಮಳೆಹನಿಯನ್ನಷ್ಟೇ ಕುಡಿದು ಬದುಕುತ್ತದೆ ಎಂಬುದು ನಿಜವಲ್ಲ, ಅದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಕಪ್ಪು-ಬಿಳುಪಿನ, ಜುಟ್ಟುಳ್ಳ ಈ ಹಕ್ಕಿ ಕಂಬಳಿಹುಳುಗಳನ್ನು ಹೇರಳವಾಗಿ ತಿನ್ನುವ ಕೋಗಿಲೆಯ ಸಂಬಂಧಿ. ಮೊಟ್ಟೆ ಇಡಲು ಅದು ಹುಡುಕುವುದು ಹೆಚ್ಚಾಗಿ ಹರಟೆಮಲ್ಲ ಹಕ್ಕಿಗಳ ಗೂಡನ್ನು. ಆದರೆ ಚಾತಕವನ್ನು ಮಳೆಗೆ ಕಟ್ಟಿಹಾಕಿದ ಕವಿಗಳು ಅದನ್ನು ಬರಿಯ ಕಲ್ಪನೆಯಿಂದ ಮಾಡಲಿಲ್ಲ. ಉತ್ತರ ಮತ್ತು ಮಧ್ಯ ಭಾರತಕ್ಕೆ ಈ ಹಕ್ಕಿ ಆಫ್ರಿಕದಿಂದ ಸಾಗರ ದಾಟಿ ಬರುವುದು ಮುಂಗಾರಿನ ಹೊತ್ತಿನಲ್ಲೇ. ಅದರ ಕೂಗು ಕೇಳಿದರೆ ಮಳೆ ಹತ್ತಿರವಾಯಿತೆಂದು ಅಲ್ಲಿನ ರೈತರು ತಿಳಿಯುತ್ತ ಬಂದಿದ್ದಾರೆ. ಮೇಘದೂತದಲ್ಲಿ ಆಷಾಢದ ಮೋಡ ಹೊರಡುವಾಗ ಎಡಗಡೆಯಲ್ಲಿ ಚಾತಕದ ಇಂಪಾದ ದನಿ ಕೇಳಿಸುವುದು ಈ ಕಾಲಜ್ಞಾನದಿಂದಲೇ. ದಕ್ಷಿಣದಲ್ಲಿ ವರ್ಷವಿಡೀ ನೆಲೆಸಿರುವ ಚಾತಕಗಳೂ ಇರುವುದರಿಂದ ನಮ್ಮ ಕಡೆ ಈ ಲೆಕ್ಕ ಅಷ್ಟು ಸರಳವಾಗಿಲ್ಲ. ನಿಮ್ಮ ಊರಿನಲ್ಲಿ ಅದು ಯಾವ ತಿಂಗಳಲ್ಲಿ ಕೂಗುತ್ತದೆ ಎಂಬುದನ್ನು ಮಕ್ಕಳೇ ಬರೆದಿಡುವುದು ಒಳ್ಳೆಯ ಕೆಲಸ. ಹಂಸದ ವಿಷಯವೂ ಹೀಗೆಯೇ. ಹಾಲು-ನೀರಿನ ಮಾತನ್ನು ನೀತಿಯ ದೃಷ್ಟಾಂತವೆಂದು ಬದಿಗಿಡಿ. ಅದೇ ಮೇಘದೂತ ರಾಜಹಂಸಗಳು ಮಾನಸ ಸರೋವರದ ಕಡೆಗೆ, ಕೈಲಾಸದವರೆಗೆ ಹಾರುತ್ತವೆ ಎನ್ನುತ್ತದೆ. ಹಂಸವೆಂದರೆ ಪಟ್ಟೆತಲೆ ಹೆಬ್ಬಾತು ಇರಬೇಕೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಆ ಬಾತುಗಳು ಟಿಬೆಟಿನ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಯವರೆಗೂ ಬರುತ್ತವೆ. ಕಾವ್ಯ ಅವನ್ನು ಮಳೆಗಾಲದಲ್ಲಿ ಉತ್ತರಕ್ಕೆ ಕಳಿಸಿದರೆ, ಅವು ನಮ್ಮ ಕೆರೆಗಳನ್ನು ಬಿಡುವುದು ಬೇಸಿಗೆ ಕಾಲಿಡುತ್ತಿದ್ದಂತೆ. ದಿಕ್ಕು ಸರಿ, ತಿಂಗಳು ಸರಿಯಲ್ಲ. ಹೀಗೆ ಒಂದು ಸಾಲಿನಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಬಿಡಿಸಿ ನೋಡುವುದು ವಿಜ್ಞಾನದ ತರಬೇತಿಯೇ. ತಪ್ಪಿರುವ ಸಾಲನ್ನು ಮಕ್ಕಳಿಂದ ಮುಚ್ಚಿಡುವುದಕ್ಕಿಂತ ಅದನ್ನು ಪರೀಕ್ಷೆಗೆ ಒಡ್ಡುವುದರಿಂದ ಅವರು ಹೆಚ್ಚು ಕಲಿಯುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ದಿನವೂ ಹಾಡುತ್ತ, ಹಾಡುವುದನ್ನು ಕೇಳುತ್ತ ಇದ್ದರೂ ನಾವು ಗಮನಿಸದೆ ಬಿಟ್ಟಿರುವ ಒಂದು ಪದಗುಚ್ಛವನ್ನು ಇಲ್ಲಿ ಹೇಳಬೇಕು. ಕೆ. ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಗೀತೆಯಲ್ಲಿ ಜೋಗದ ಬೆಳಕು, ತುಂಗೆಯ ತೆನೆಗಳ ಬೆನ್ನಿಗೇ ‘ಸಹ್ಯಾದ್ರಿಯ ಲೋಹದದಿರ ಉತ್ತುಂಗದ ನಿಲುಕು’ ಬರುತ್ತದೆ. ಸಹ್ಯಾದ್ರಿ ಎಂದರೆ ಹಸಿರು, ಮಂಜು, ಝರಿ ಎನ್ನುವುದು ರೂಢಿ. ಈ ಕವಿ ಅದರೊಳಗಿನ ಅದಿರನ್ನು ಕಂಡರು, ಏಕೆಂದರೆ ಅವರು ಭೂವಿಜ್ಞಾನ ಓದಿ, ಅದನ್ನೇ ಕಾಲೇಜಿನಲ್ಲಿ ಕಲಿಸಿದವರು. ಯಾವ ಲೋಹ, ಯಾವ ಅದಿರು ಎಂದು ಒಮ್ಮೆ ಕೇಳಿದರೆ ಕುದುರೆಮುಖ, ಬಾಬಾಬುಡನ್‌ಗಿರಿಗಳ ಕಬ್ಬಿಣದ ಶಿಲೆಗಳ ಹತ್ತಿರ ಹೋಗುತ್ತೇವೆ. ಪದರ ಪದರವಾಗಿರುವ ಆ ಶಿಲೆಗಳಿಗೆ 250 ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸು. ಗಾಳಿಯಲ್ಲಿ ಇಂದಿನಂತೆ ಆಮ್ಲಜನಕವಿಲ್ಲದ ಕಾಲದಲ್ಲಿ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಕಟ್ಟಿದ ಪದರಗಳು ಅವು. ಈಗ ಮೋಡ ಮುಟ್ಟುವ ಬೆಟ್ಟದ ನೆತ್ತಿ ಒಮ್ಮೆ ಕಡಲ ತಳವಾಗಿತ್ತು ಎಂಬ ಸಂಗತಿ ಎಂತಹ ಮಗುವನ್ನಾದರೂ ಬೆರಗುಗೊಳಿಸದೆ ಇರದು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಈ ಗೀತೆಯನ್ನು ಹಾಡುವ ಮಕ್ಕಳಿಗೆ ಯಾರೂ ಇದನ್ನು ಹೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಕಾರಣ ತಿಳಿದರೆ ಬೆರಗು ಕರಗಿಹೋಗುತ್ತದೆ ಎಂಬ ಅಂಜಿಕೆ ಕೆಲವು ಭಾಷಾ ಶಿಕ್ಷಕರಲ್ಲಿದೆ. ನಿಮ್ಮ ಸಹೋದ್ಯೋಗಿಯಲ್ಲೂ ಇರಬಹುದು. ಭರತನ ನಾಟ್ಯಶಾಸ್ತ್ರ ವಿಸ್ಮಯವನ್ನು ಅದ್ಭುತ ರಸದ ಸ್ಥಾಯಿಭಾವವೆಂದು ಹೇಳುತ್ತದೆ. ಆ ವಿಸ್ಮಯ ಕ್ಷಣದಲ್ಲಿ ಮುಗಿಯುವ ಅಚ್ಚರಿಯಲ್ಲ, ಒಳಗೆ ನೆಲೆನಿಲ್ಲುವ ಭಾವ. ಕುವೆಂಪು ತುಂಗೆಯ ದಡದಲ್ಲಿ ಬೆಳ್ಳಕ್ಕಿಗಳ ಸಾಲನ್ನು ಕಂಡು ದೇವರು ತನ್ನ ಸೃಷ್ಟಿಯ ಚಿತ್ರಕ್ಕೆ ರುಜು ಮಾಡಿದನೆಂದು ಬರೆದರು. ಹಕ್ಕಿಗಳು ಹೀಗೆ ಒಂದರ ಹಿಂದೊಂದು ಓರೆಸಾಲಿನಲ್ಲಿ ಹಾರುವುದೇಕೆ ಎಂಬುದಕ್ಕೆ ಬೋಳುತಲೆಯ ಐಬಿಸ್ ಹಕ್ಕಿಗಳ ಮೇಲೆ ಅಳತೆಯ ಉಪಕರಣ ಕಟ್ಟಿ ನಡೆಸಿದ ಅಧ್ಯಯನವೊಂದು 2014ರಲ್ಲಿ ಉತ್ತರ ಕೊಟ್ಟಿತು: ಮುಂದಿನ ಹಕ್ಕಿಯ ರೆಕ್ಕೆಯ ತುದಿಯಿಂದ ಮೇಲೇಳುವ ಗಾಳಿಯ ಆಸರೆ ಸಿಗುವ ಜಾಗದಲ್ಲೇ ಹಿಂದಿನ ಹಕ್ಕಿ ಇರುತ್ತದೆ, ಬಡಿತವನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ಕುವೆಂಪು ಅವರ ಕವಿತೆಯನ್ನು ಮತ್ತೆ ಓದಿದಾಗ ಆ ಸಾಲಿನ ಒಂದೊಂದು ಹಕ್ಕಿಯೂ ನನಗೆ ಬೇರೆಯಾಗಿ ಕಾಣತೊಡಗಿತು. ಬೆರಗು ಕಡಿಮೆಯಾಗಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಚಾರ್ಲ್ಸ್ ಡಾರ್ವಿನ್ನರ ಆತ್ಮಕಥೆಯಲ್ಲಿ ಕಾಣಬಹುದು. 1831ರಿಂದ 1836ರವರೆಗಿನ ಬೀಗಲ್ ಹಡಗಿನ ಯಾನದಲ್ಲಿ ದಡಕ್ಕಿಳಿದು ಒಳನಾಡಿಗೆ ಹೋಗುವಾಗ ಒಂದೇ ಪುಸ್ತಕ ಒಯ್ಯುವಂತಿದ್ದರೆ ಅವರು ಯಾವಾಗಲೂ ಆರಿಸುತ್ತಿದ್ದುದು ಮಿಲ್ಟನ್ ಕವಿಯನ್ನು. ಮುಪ್ಪಿನಲ್ಲಿ ಅವರಿಗೆ ಕವಿತೆಯ ಒಂದು ಸಾಲನ್ನೂ ಓದಲಾಗದಂತಾಯಿತು. ಬದುಕನ್ನು ಮತ್ತೊಮ್ಮೆ ಬದುಕುವಂತಿದ್ದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕವಿತೆ ಓದುವ, ಸಂಗೀತ ಕೇಳುವ ನಿಯಮವಿಟ್ಟುಕೊಳ್ಳುತ್ತಿದ್ದೆ ಎಂದು ಅವರು ಬರೆದುಕೊಂಡರು. ಆ ಅಭಿರುಚಿ ಕಳೆದುಹೋದದ್ದನ್ನು ಸಂತೋಷದ ನಷ್ಟವೆಂದು ಕರೆದರು. ಕವಿತೆ ಬಿಟ್ಟ ಮೇಲೂ ಅವರ ಸಂಶೋಧನೆ ನಿಲ್ಲಲಿಲ್ಲ ಎಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ಕವಿತೆಯಿಲ್ಲದೆ ವಿಜ್ಞಾನ ಸಾಗುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ಆದರೆ ನಮ್ಮ ಮಕ್ಕಳಲ್ಲಿ ಬಹುಪಾಲಿನವರು ವಿಜ್ಞಾನಿಗಳಾಗುವುದಿಲ್ಲ. ಅವರೂ ಬದುಕಿನುದ್ದಕ್ಕೂ ಮರ, ಹಕ್ಕಿ, ಮಳೆಗಳ ನಡುವೆಯೇ ಇರುತ್ತಾರೆ, ಮತ್ತು ಪರೀಕ್ಷೆ ಮುಗಿದ ಮೇಲೆ ಅವರೊಳಗೆ ಸೂತ್ರಗಳಿಗಿಂತ ಹೆಚ್ಚು ಕಾಲ ಉಳಿಯುವುದು ಹಾಡಿದ ಸಾಲುಗಳು.

ತರಗತಿಯಲ್ಲಿ ಮಾಡಬಹುದಾದದ್ದರ ಬಗ್ಗೆ ನನ್ನ ಸಲಹೆಗಳು ಸರಳವಾಗಿವೆ. ಕವಿತೆಯನ್ನು ಅದರ ಋತುವಿನಲ್ಲಿ, ಸಾಧ್ಯವಾದರೆ ಅದರ ಹೊತ್ತಿನಲ್ಲೇ ಓದಿಸಿ. ‘ಬೆಳಗು’ ಕವಿತೆಯನ್ನು ಡಿಸೆಂಬರಿನ ಮೊದಲ ಪೀರಿಯಡ್ಡಿನಲ್ಲಿ ಮೈದಾನದ ಹುಲ್ಲಿನ ಬಳಿ ನಿಂತು ಓದುವುದಕ್ಕೂ ಜುಲೈ ಮಧ್ಯಾಹ್ನ ಕೊಠಡಿಯೊಳಗೆ ಓದುವುದಕ್ಕೂ ಹೋಲಿಕೆಯಿಲ್ಲ. ಪಠ್ಯಪುಸ್ತಕದ ಅನುಕ್ರಮ ಇದಕ್ಕೆ ಅಡ್ಡಬರುತ್ತದೆ, ನಿಜ. ಆದರೆ ಪಾಠ ಮುಗಿದ ಕವಿತೆಗೆ ಸರಿಯಾದ ತಿಂಗಳಲ್ಲಿ ಹತ್ತು ನಿಮಿಷ ಮರಳುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಓದಿದ ಕೂಡಲೇ ವಿವರಿಸಬೇಡಿ. ಪ್ರಶ್ನೆ ಹುಟ್ಟಿದ ದಿನಕ್ಕೂ ಉತ್ತರ ಕೊಡುವ ದಿನಕ್ಕೂ ನಡುವೆ ಒಂದು ವಾರವಾದರೂ ಇರಲಿ, ಆ ವಾರದಲ್ಲಿ ಮಕ್ಕಳು ನೋಡಿ ಬಂದದ್ದನ್ನು ಬರೆಯಲಿ. ‘ಪಾತರಗಿತ್ತಿ ಪಕ್ಕಾ, ನೋಡಿದೇನ ಅಕ್ಕಾ’ ಎಂದು ಬೇಂದ್ರೆ ಕೇಳುವಾಗ ‘ನೋಡಿದ್ದೇನೆ’ ಎಂದು ಹೇಳಬಲ್ಲ ಮಗು, ಮಳೆ ನಿಂತ ಮೇಲೆ ಬೇಲಿಯ ಬಳಿ ಬಿದ್ದಿರುವ ಒಂದು ರೆಕ್ಕೆಯನ್ನು ಭೂತಗನ್ನಡಿಯಲ್ಲಿ ಕಂಡಿರಬೇಕು. ಬೆರಳಿಗೆ ಅಂಟುವ ಆ ಪುಡಿಯೇ ಬಣ್ಣದ ಹುರುಪೆಗಳು ಎಂಬುದನ್ನು ಕಣ್ಣಾರೆ ಅರಿತಿರಬೇಕು. ಹೆಸರುಗಳನ್ನೂ ಕಲಿಸಿ. ‘ಒಂದು ಹಕ್ಕಿ’ ಎಂದು ಬರೆಯುವ ಮಗುವಿಗೆ ಮಡಿವಾಳ ಹಕ್ಕಿ, ಪಿಕಳಾರ, ಕಾಜಾಣ, ಕೆಂಬೂತ ಎಂಬ ಹೆಸರುಗಳು ಗೊತ್ತಾದರೆ ಅವು ಬೇರೆ ಬೇರೆಯಾಗಿ ಕೇಳಿಸತೊಡಗುತ್ತವೆ. ಕುವೆಂಪು ಅವರ ಕವಿತೆಗಳಲ್ಲಿ ಹಕ್ಕಿಗಳು ಹೆಸರಿನಿಂದಲೇ ಬರುತ್ತವೆ.

ಭಾವಾರ್ಥ ಬರೆಸುವ ಅಭ್ಯಾಸವನ್ನು ಪೂರ್ತಿ ಬಿಡಲಾಗದಿದ್ದರೆ, ಅದರ ಜೊತೆಗೆ ‘ಈ ಕವಿತೆಯಲ್ಲಿ ಕವಿ ನಿಜವಾಗಿ ಕಂಡದ್ದು ಯಾವುದು? ಅದನ್ನು ನಾವು ಎಲ್ಲಿ, ಯಾವಾಗ ನೋಡಬಹುದು?’ ಎಂಬ ಎರಡು ಪ್ರಶ್ನೆಗಳನ್ನು ಸೇರಿಸುವಂತೆ ನಿಮ್ಮ ಸಹೋದ್ಯೋಗಿಯನ್ನು ಕೇಳಿಕೊಳ್ಳಿ. ಶಾಲೆಯ ಆವರಣದಲ್ಲಿ ಮಾವಿನ ಮರವಿದ್ದರೆ ‘ಸೀಸನ್‌ವಾಚ್’ ಎಂಬ ಯೋಜನೆಗೆ ಮಕ್ಕಳನ್ನು ಸೇರಿಸಬಹುದು. ದೇಶದಾದ್ಯಂತ ಶಾಲೆಗಳೂ ಆಸಕ್ತರೂ ಆರಿಸಿಕೊಂಡ ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು, ಹೂ, ಕಾಯಿ, ಹಣ್ಣುಗಳ ಪ್ರಮಾಣವನ್ನು ದಾಖಲಿಸುವ ಯೋಜನೆ ಅದು. ಅದೇ ವಹಿಯಲ್ಲಿ ಕೋಗಿಲೆಯ ಮೊದಲ ಕೂಗು ಕೇಳಿದ ದಿನಕ್ಕೆ, ಕಾಗೆ ಕಡ್ಡಿ ಹೊರತೊಡಗಿದ ದಿನಕ್ಕೆ ಇನ್ನೆರಡು ಅಂಕಣಗಳನ್ನು ಹಾಕಿಸಿ, ಮೊದಲ ಪುಟದಲ್ಲಿ ಅಲ್ಲಮನ ವಚನವನ್ನು ಬರೆಸಿ. ಒಂದೇ ವರ್ಷದ ದಾಖಲೆಯಿಂದ ಹೆಚ್ಚೇನೂ ತಿಳಿಯುವುದಿಲ್ಲವಾದ್ದರಿಂದ ಎಂಟನೇ ತರಗತಿಯವರು ಶುರುಮಾಡಿದ ವಹಿಯನ್ನು ಮುಂದಿನ ವರ್ಷದ ಎಂಟನೇ ತರಗತಿಯವರಿಗೆ ದಾಟಿಸುವ ಏರ್ಪಾಡು ಮೊದಲೇ ಇರುವುದು ಒಳ್ಳೆಯದು.